ಕಪ್ಪು ಕಲ್ಲಿನ ಸೀಮೆ

ಬಂಗಾರಪೇಟೆ ಜಂಕ್ಷನ್‌ನಲ್ಲಿ ಮುಖ್ಯ ಮಾರ್ಗ ಬಿಟ್ಟು ಒಂದು ಕವಲು ಹಳಿ ಮಾರಿಕುಪ್ಪಂ ಕಡೆಗೆ ತಿರುಗುತ್ತದೆ. ಸುಮಾರು 16 ಕಿ.ಮೀ. ಉದ್ದದ ಈ ಹಾದಿಯಲ್ಲಿ ರೈಲು ಓಡತೊಡಗಿದ್ದು 1894ರಲ್ಲಿ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರಿನಿಂದ ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎನ್ನುತ್ತಿದ್ದ ಕಾಲ ಅದು. ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ನಿಲ್ದಾಣಗಳು ಒಂದರ ಬೆನ್ನಿಗೊಂದು ಬರುತ್ತವೆ. ಕಿಟಕಿಯ ಪಕ್ಕ ಕೂತವರಿಗೆ ಚಿನ್ನದ ಗಣಿಯ ಈ ಊರು ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಹಾಗೆಂದು ಅದು ಅಗಲವಾಗುವುದೂ ಇಲ್ಲ.

ನಮ್ಮ ಬಯಲುಸೀಮೆಯ ಊರುಗಳು ಕೆರೆ ಏರಿಯ ಕೆಳಗೋ, ಕೋಟೆಯ ಸುತ್ತಲೋ, ಸಂತೆ ಮೈದಾನದ ಮಗ್ಗುಲಲ್ಲೋ ಬೆಳೆದವು. ಕೋಲಾರ ಚಿನ್ನದ ಗಣಿಯ ಊರು ಬೆಳೆದದ್ದು ನೆಲದೊಳಗಿನ ಒಂದು ಗೆರೆಯ ಮೇಲೆ. ಉತ್ತರ ದಕ್ಷಿಣವಾಗಿ ಸುಮಾರು 8 ಕಿ.ಮೀ. ಹರಿದಿರುವ ಚಾಂಪಿಯನ್ ಎಂಬ ಬೆಣಚುಕಲ್ಲಿನ ಎಳೆ ಎಲ್ಲೆಲ್ಲಿ ಹಾದುಹೋಗಿದೆಯೋ ಅಲ್ಲಲ್ಲಿ ಶಾಫ್ಟ್ ಬಿತ್ತು. ಶಾಫ್ಟ್ ಇದ್ದಲ್ಲಿ ಮಿಲ್ಲು ಬಂತು, ಕೂಲಿಕಾರರ ಲೈನುಗಳು ಎದ್ದವು, ಆಸ್ಪತ್ರೆ, ಗುಡಿ, ಚರ್ಚು, ಮಸೀದಿ ಹುಟ್ಟಿದವು. ಗಣಿ ಎಂಜಿನಿಯರನಿಗೂ ಊರಿನ ನಕ್ಷೆಯನ್ನು ತಿದ್ದುವ ಸ್ವಾತಂತ್ರ್ಯವಿರಲಿಲ್ಲ, ಕಲ್ಲು ಅದನ್ನು ಮೊದಲೇ ಗೀಚಿಟ್ಟಿತ್ತು.

ಇಂದು ಕೆ.ಜಿ.ಎಫ್. (ಕೋಲಾರ ಗೋಲ್ಡ್ ಫೀಲ್ಡ್ಸ್) ನೋಡಲು ಬರುವವರು ತುಕ್ಕು ಹಿಡಿದ ಶಾಫ್ಟ್ ಗೋಪುರಗಳನ್ನು ನೋಡುತ್ತಾರೆ, ಬ್ರಿಟಿಷರ ಬಂಗಲೆಗಳನ್ನು ನೋಡುತ್ತಾರೆ, ಅದೇ ಹೆಸರಿನ ಸಿನಿಮಾ ಬಂದಮೇಲೆ ಸಯನೈಡ್ ದಿಬ್ಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಾಲಡಿಯ ಕಲ್ಲನ್ನು ಮಾತ್ರ ಯಾರೂ ಎತ್ತಿ ನೋಡುವುದಿಲ್ಲ. ಈ ಸೀಮೆಯನ್ನು ಒಂದು ನಿಸರ್ಗಧಾಮದಂತೆ ನೋಡಬೇಕೆಂಬುದು ನನ್ನ ಆಸೆ. ಇಲ್ಲಿ ಭೂಮಿಯ ಇತಿಹಾಸ ಬೇರೆ, ಮನುಷ್ಯರ ಇತಿಹಾಸ ಬೇರೆ ಎಂದು ಎರಡಿಲ್ಲ. ಎರಡಕ್ಕೂ ಒಂದೇ ಕಪ್ಪು ಕಲ್ಲು ಕಾರಣ.

ಮೊದಲು ಕಲ್ಲನ್ನು ಕೈಗೆತ್ತಿಕೊಳ್ಳೋಣ. ಬಂಗಾರಪೇಟೆಯ ಸುತ್ತಮುತ್ತ ಹೊಲದ ಬದುವಿನಲ್ಲಿ, ಮನೆಯ ಚಪ್ಪಡಿಯಲ್ಲಿ ಕಾಣುವುದು ತಿಳಿ ಬಣ್ಣದ, ಪಟ್ಟೆಪಟ್ಟೆಯ ನೈಸ್ ಮತ್ತು ಗ್ರಾನೈಟ್. ಕರ್ನಾಟಕದ ದಕ್ಷಿಣ ಭಾಗದ ಹೆಚ್ಚಿನ ನೆಲ ಇದೇ. ಕೆ.ಜಿ.ಎಫ್. ಹತ್ತಿರವಾಗುತ್ತಿದ್ದಂತೆ ಕಲ್ಲಿನ ಬಣ್ಣ ಹಸಿರುಗಪ್ಪಿಗೆ ತಿರುಗುತ್ತದೆ, ಒಡೆದ ಮುಖದಲ್ಲಿ ಸೂಜಿಯಂಥ ಸಣ್ಣ ಹರಳುಗಳು ಮಿನುಗುತ್ತವೆ. ಇದು ಹಾರ್ನ್‌ಬ್ಲೆಂಡ್ ಶಿಸ್ಟ್. ಒಂದೇ ಗಾತ್ರದ ಎರಡು ಕಲ್ಲುಗಳನ್ನು ಎರಡು ಕೈಯಲ್ಲಿ ಹಿಡಿದರೆ ಕಪ್ಪು ಕಲ್ಲು ಹೆಚ್ಚು ಭಾರವೆಂದು ತಿಳಿಯುತ್ತದೆ. ಗ್ರಾನೈಟ್ ನೀರಿಗಿಂತ ಸುಮಾರು 2.7 ಪಟ್ಟು ಭಾರ, ಕೋಲಾರದ ಕಪ್ಪು ಶಿಲೆ 3 ಪಟ್ಟಿಗಿಂತ ತುಸು ಹೆಚ್ಚು. ಕಬ್ಬಿಣ ಮತ್ತು ಮೆಗ್ನೀಸಿಯಂ ಇದರಲ್ಲಿ ಹೆಚ್ಚಾಗಿರುವುದೇ ಕಾರಣ. ಈ ಭಾರದ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಭೌತವಿಜ್ಞಾನಿಗಳು ಬಂದಾಗ ಬೇಕಾಗುತ್ತದೆ.

ಈ ಕಪ್ಪು ಕಲ್ಲಿನ ಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದವಿದೆ. ಅಗಲ ಮಾತ್ರ ಕೆಲವೇ ಕಿ.ಮೀ. ಎರಡೂ ಬದಿಗೆ ನೈಸ್. ಇಷ್ಟು ಕಿರಿದಾದ ಪಟ್ಟಿ ಇಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಉತ್ತರದ ಒಂದು ತುಣುಕು ಕೋಲಾರ ಜಿಲ್ಲೆಯ ಪೆದ್ದಪಲ್ಲಿಯ ಹತ್ತಿರ ಬಯಲಲ್ಲೇ ಬಿದ್ದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿರುವ ತಾಣ ಇದು. ಲಾಲ್‌ಬಾಗಿನ ಬಂಡೆ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿ ಇವುಗಳ ಸಾಲಿನಲ್ಲೇ ಇದರ ಹೆಸರೂ ಇದೆ. ಆದರೆ ಲಾಲ್‌ಬಾಗಿನ ಬಂಡೆ ಹತ್ತಿದವರಲ್ಲಿ ಸಾವಿರಕ್ಕೆ ಒಬ್ಬರೂ ಪೆದ್ದಪಲ್ಲಿಗೆ ಬಂದಿರಲಾರರು. ಇಲ್ಲಿ ದಿಂಬು ಲಾವಾ ಇದೆ, ಜ್ವಾಲಾಮುಖಿ ಎಸೆದ ಕಲ್ಲುಚೂರುಗಳು ಬೂದಿಯಲ್ಲಿ ಹುದುಗಿ ಗಟ್ಟಿಯಾದ ಬಂಡೆಯೂ ಇದೆ.

ಲಾವಾ ಗಾಳಿಯಲ್ಲಿ ಹರಿದರೆ ಹಾಸಿಕೊಂಡು ಹೋಗುತ್ತದೆ. ನೀರಿನೊಳಗೆ ಉಕ್ಕಿದರೆ ಅದರ ಹೊರಮೈ ಕ್ಷಣದಲ್ಲೇ ತಣಿದು ಸಿಪ್ಪೆಗಟ್ಟುತ್ತದೆ. ಒಳಗಿನ ಬಿಸಿ ದ್ರವ ಒತ್ತಿ ಸಿಪ್ಪೆಯನ್ನು ಒಡೆದು ಇನ್ನೊಂದು ಉಂಡೆಯಾಗಿ ಹೊರಬರುತ್ತದೆ. ಹೀಗೆ ಉಂಡೆಯ ಮೇಲೆ ಉಂಡೆ ಬೀಳುತ್ತ ಹೋಗುತ್ತದೆ. ಪ್ರತಿ ಉಂಡೆಯ ಮೇಲ್ಭಾಗ ದುಂಡಗಿರುತ್ತದೆ, ಕೆಳಭಾಗ ಮಾತ್ರ ಕೆಳಗಿನ ಎರಡು ಉಂಡೆಗಳ ಸಂದಿಗೆ ಇಳಿದು ಚೂಪಾಗುತ್ತದೆ. ಭೂವಿಜ್ಞಾನಿಗೆ ಈ ಚೂಪು ತುದಿ ಬಹಳ ಬೆಲೆಯುಳ್ಳದ್ದು. ಕೋಟ್ಯಂತರ ವರ್ಷಗಳಲ್ಲಿ ಬಂಡೆ ಮಡಿಚಿ ಮಗುಚಿ ನಿಂತಿದ್ದರೂ ಹುಟ್ಟಿದಾಗ ಯಾವ ಬದಿ ಮೇಲಿತ್ತು ಎಂಬುದನ್ನು ಅದೇ ಹೇಳುತ್ತದೆ. ಅಂದರೆ ಇಂದು ಮಳೆಗಾಗಿ ಬಾಯಿ ಬಿಡುವ, ಹಳ್ಳಿಹಳ್ಳಿಗೂ ಕೆರೆ ಕಟ್ಟಿಕೊಂಡು ಬದುಕಿದ ಈ ಸೀಮೆ ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನ ತಳವಾಗಿತ್ತು. ಆಗ ಮೀನಿಲ್ಲ, ಗಿಡವಿಲ್ಲ. ಜೀವವೆಂದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಗಾಳಿಯಲ್ಲಿ ಉಸಿರಾಡುವಷ್ಟು ಆಮ್ಲಜನಕವೂ ಇರಲಿಲ್ಲ.

ಆಮೇಲೆ ಏನಾಯಿತು ಎಂಬುದನ್ನು ಬಿಡಿಸಿದವರಲ್ಲಿ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ವಿ. ರಾಜಾಮಣಿ ಮತ್ತು ಅಮೆರಿಕದ ಅವರ ಸಹೋದ್ಯೋಗಿಗಳು ಮುಖ್ಯರು. ಪಟ್ಟಿಯ ಪಶ್ಚಿಮದ ನೈಸ್‌ಗೂ ಪೂರ್ವದ ನೈಸ್‌ಗೂ ವಯಸ್ಸಿನಲ್ಲಿ, ಹುಟ್ಟಿನಲ್ಲಿ ವ್ಯತ್ಯಾಸವಿದೆ ಎಂದು 1980ರ ದಶಕದಲ್ಲಿ ಅವರು ತೋರಿಸಿದರು. ಪಶ್ಚಿಮದ ತುಂಡಿನಲ್ಲಿ 320 ಕೋಟಿ ವರ್ಷಕ್ಕೂ ಹಳೆಯ ನೆಲದ ಗುರುತಿದೆ, ಪೂರ್ವದ್ದರಲ್ಲಿ ಅಂಥದ್ದಿಲ್ಲ. ಎಂದರೆ ಎಲ್ಲೆಲ್ಲೋ ಹುಟ್ಟಿದ ಎರಡು ಭೂಖಂಡದ ತುಂಡುಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ಬಂದು ಕೂಡಿಕೊಂಡವು, ನಡುವಿನ ಲಾವಾ ಹಾಸು ಅವುಗಳ ಮಧ್ಯೆ ಸಿಕ್ಕಿ ಹಿಂಡಿಹೋಯಿತು. ಹಾಗೆ ಕೂಡಿದ ಕಾಲದಲ್ಲೇ ಚಿನ್ನವೂ ಬಂತು. ಆಳದಿಂದ ಮೇಲೆದ್ದ ಕುದಿನೀರು ಬಂಡೆಗಳ ಬಿರುಕುಗಳಲ್ಲಿ ಹಾಯುವಾಗ ಕಣಕಣವಾಗಿ ಹರಡಿದ್ದ ಚಿನ್ನವನ್ನು ಗಂಧಕದ ಜೊತೆಗೂಡಿಸಿ ಕರಗಿಸಿ ತಂದಿತು. ಒತ್ತಡ ಇಳಿದಲ್ಲಿ, ಕಪ್ಪು ಕಲ್ಲಿನ ಕಬ್ಬಿಣ ಆ ಗಂಧಕವನ್ನು ಸೆಳೆದುಕೊಂಡಲ್ಲಿ ಚಿನ್ನ ನೀರನ್ನು ಬಿಟ್ಟಿತು. ಸಿಲಿಕಾ ಬೆಣಚುಕಲ್ಲಾಗಿ ಕೂತಿತು, ಅದರೊಳಗೆ ಚಿನ್ನವೂ ಕೂತಿತು. ಭೂಮಿಯ ಸಾಮಾನ್ಯ ಕಲ್ಲಿನಲ್ಲಿ ಟನ್ನಿಗೆ ಮೂರು ನಾಲ್ಕು ಮಿಲಿಗ್ರಾಂ ಚಿನ್ನವಿರುತ್ತದೆ. ಚಾಂಪಿಯನ್ ಎಳೆಯ ಒಳ್ಳೆಯ ದಿನಗಳಲ್ಲಿ ಟನ್ನಿಗೆ 30 ಗ್ರಾಂಗೂ ಮೀರಿ ಸಿಕ್ಕಿತು. ನಿಸರ್ಗ ಏಳೆಂಟು ಸಾವಿರ ಪಟ್ಟು ಒಟ್ಟುಮಾಡಿ ಇಟ್ಟಿದ್ದ ಚಿನ್ನ ಅದು.

ಇದನ್ನು ಮೊದಲು ಕಂಡವರು ಬ್ರಿಟಿಷರಲ್ಲ. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ ಸೀಳಿ, ಎಳೆಯ ಬೆನ್ನು ಹತ್ತಿ ಆಳಕ್ಕೆ ಇಳಿದವರ ಹಳೆಯ ಗುಂಡಿಗಳು ಇಲ್ಲಿ ಅಲ್ಲಲ್ಲಿ ಇದ್ದವು. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಊರ್ಗಾಂ, ಮಾರಿಕುಪ್ಪಂ ಹಳ್ಳಿಗಳವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ಬರೆದಿಟ್ಟ. ಆ ಬರಹವನ್ನು ಓದಿದ ಐರಿಷ್ ಮಾಜಿ ಸೈನಿಕ ಮೈಕೇಲ್ ಲಾವೆಲ್ 1871ರಲ್ಲಿ ಬೆಂಗಳೂರು ದಂಡಿನಿಂದ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದ, 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ಪಡೆದ. 1880ರಿಂದ ಲಂಡನ್ನಿನ ಜಾನ್ ಟೇಲರ್ ಕಂಪನಿ ಆಡಳಿತಕ್ಕೆ ಬಂತು. ಹಾಕಿದ ಹಣವೆಲ್ಲ ಕರಗಿ ಮೈಸೂರು ಮೈನ್ ಮುಚ್ಚುವ ಹಂತಕ್ಕೆ ಬಂದಿದ್ದಾಗ, 1880ರ ದಶಕದ ನಡುವಿನಲ್ಲಿ, ಅದರ ಮೇಲ್ವಿಚಾರಕ ಕ್ಯಾಪ್ಟನ್ ಪ್ಲಮ್ಮರ್ ಹಳಬರ ಗುಂಡಿಗಳ ಕೆಳಗೇ ಅಗೆದು ಚಾಂಪಿಯನ್ ಎಳೆಯನ್ನು ಮುಟ್ಟಿದ. ಹಳಬರು ಎಳೆಯನ್ನು ಸರಿಯಾಗಿಯೇ ಹಿಡಿದಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅವರ ಹೆಸರು ಯಾವ ಶಾಫ್ಟಿಗೂ ಇಡಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಬೇತಮಂಗಲದಲ್ಲಿ ಪಾಲಾರ್ ನದಿಯ ನೀರನ್ನು ಹಿಡಿದು ಗಣಿ ಊರಿಗೆ ಹರಿಸಿದರು. 1902ರ ಜೂನ್‌ನಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿ.ಮೀ. ದೂರಕ್ಕೆ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿಗೆ ದೀಪ ಬಂದದ್ದು ಅದಕ್ಕೂ ಮೂರು ವರ್ಷ ತಡವಾಗಿ.

ಎಳೆ ಇಳಿದಂತೆ ಮನುಷ್ಯರೂ ಇಳಿದರು. ಚಾಂಪಿಯನ್ ರೀಫ್ ಗಣಿ ಕೊನೆಗೆ 3.2 ಕಿ.ಮೀ. ಆಳ ಮುಟ್ಟಿತು. ಇಷ್ಟು ಆಳಕ್ಕೆ ಹೋಗಲು ಸಾಧ್ಯವಾದದ್ದೂ ಇಲ್ಲಿನ ನೆಲದ ವಯಸ್ಸಿನಿಂದ. ಪ್ರಪಂಚದ ಬಹುಪಾಲು ಕಡೆ ಒಂದು ಕಿ.ಮೀ. ಇಳಿದರೆ ಉಷ್ಣತೆ 25ರಿಂದ 30 ಡಿಗ್ರಿ ಏರುತ್ತದೆ. ಕೋಲಾರದ ಹಳೆಯ, ತಣ್ಣಗಾದ ಭೂಚಿಪ್ಪಿನಲ್ಲಿ ಅದು ಸುಮಾರು 11 ಡಿಗ್ರಿ ಮಾತ್ರ. ಹಾಗಿದ್ದರೂ ತಳದ ಬಂಡೆಯ ಬಿಸಿ 65 ಡಿಗ್ರಿ ದಾಟಿತ್ತು. ಮೇಲೆ ಯಂತ್ರಗಳಲ್ಲಿ ಗಾಳಿಯನ್ನು ತಣಿಸಿ ಕೆಳಗೆ ಬಿಡಬೇಕಾಯಿತು. ಬೇರೆ ನೆಲವಾಗಿದ್ದರೆ ಅದೇ ಆಳದಲ್ಲಿ ಬಂಡೆ ನೀರು ಕುದಿಯುವ ಬಿಸಿಯನ್ನೂ ಮೀರುತ್ತಿತ್ತು.

ಬಿಸಿಗಿಂತ ಹೆಚ್ಚು ಭಯವಿದ್ದದ್ದು ಬಂಡೆಯ ಸಿಡಿತದ್ದು. ಗಣಿಯವರ ಬಾಯಲ್ಲಿ ಅದು ಏರ್‌ಬ್ಲಾಸ್ಟ್. ಅದಿರು ತೆಗೆದ ಪೊಳ್ಳಿನ ಸುತ್ತ, ಮೇಲಿನ ಎರಡು ಮೂರು ಕಿ.ಮೀ. ಬಂಡೆಯ ಭಾರವೆಲ್ಲ ಉಳಿದ ಕಂಬಗಳ ಮೇಲೆ ಬೀಳುತ್ತದೆ. ಗಟ್ಟಿ ಕಲ್ಲು ಬಾಗುವುದಿಲ್ಲ. ತಡೆಯುವಷ್ಟು ತಡೆದು ಒಮ್ಮೆಗೇ ಒಡೆಯುತ್ತದೆ. ಕೆಳಗೆ ಜನ ಸಿಕ್ಕಿಬಿದ್ದರೆ ಮೇಲೆ ಲೈನ್ ಮನೆಗಳಲ್ಲಿ ಪಾತ್ರೆಗಳು ಅಲುಗಿ ಹೆಂಗಸರಿಗೆ ಸುದ್ದಿ ಮುಟ್ಟುತ್ತಿತ್ತು. 1912ರ ಹೊತ್ತಿಗೇ ಇಲ್ಲಿ ಕಂಪನಮಾಪಕ ಇಟ್ಟರು. ಬಂಡೆಯ ಬಲವನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಇದೇ ಊರಿನಲ್ಲಿ ಶುರುವಾಯಿತು. ದೇಶದ ಸುರಂಗಗಳಿಗೂ ಅಣೆಕಟ್ಟುಗಳಿಗೂ ಸಲಹೆ ಕೊಡುವ ಆ ವಿದ್ಯೆಯ ಹಿಂದೆ ಇಲ್ಲಿ ಸತ್ತವರ ಲೆಕ್ಕವಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ಏರಿತು, ಅದುರುವಿಕೆ ಮಾತ್ರ ನಿಲ್ಲಲಿಲ್ಲ. ನೀರು ಬಿರುಕುಗಳಿಗೆ ಹೊಕ್ಕು ಬಂಡೆಬಂಡೆಯ ನಡುವಿನ ಹಿಡಿತವನ್ನು ಸಡಿಲಿಸಿತು.

ಸದ್ದಿಲ್ಲದೆ ಕೊಂದದ್ದು ಬೆಣಚುಕಲ್ಲಿನ ಧೂಳು. ಚಿನ್ನವನ್ನು ಹಿಡಿದಿಟ್ಟಿದ್ದ ಸಿಲಿಕಾ ಡ್ರಿಲ್ಲಿನ ಬಾಯಲ್ಲಿ ಸಣ್ಣ ಪುಡಿಯಾಗಿ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ದೇಹ ಅದನ್ನು ಕರಗಿಸಲಾರದು, ಸುತ್ತ ಗಟ್ಟಿ ಗಂಟು ಕಟ್ಟುತ್ತದೆ, ಉಸಿರಿನ ಜಾಗ ಕಿರಿದಾಗುತ್ತ ಹೋಗುತ್ತದೆ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಈ ಸಿಲಿಕೋಸಿಸ್ ಕಂಡುಬಂತು. ಇವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ದಲಿತರು. ಬಿದಿರು ತಟ್ಟಿಯ ಮನೆಗಳಲ್ಲಿ ಸಂಸಾರ ಮಾಡಿದವರು. ತಮಿಳಿನ ದಲಿತ ಚಿಂತಕ ಪಂಡಿತ ಅಯೋತ್ತಿದಾಸರ ಪ್ರೇರಣೆಯಿಂದ ಮಾರಿಕುಪ್ಪಂನಲ್ಲಿ 1907ರಲ್ಲಿ ಬೌದ್ಧ ಸಂಘ ಕಟ್ಟಿದವರೂ, ಬೆರಳಚ್ಚು ಕೊಡಬೇಕೆಂಬ ಅಪ್ಪಣೆಯ ವಿರುದ್ಧ 1930ರಲ್ಲಿ ಗಣಿಗಳನ್ನೆಲ್ಲ ನಿಲ್ಲಿಸಿದವರೂ ಇವರೇ. ಕೆ.ಜಿ.ಎಫ್. ಎಂದರೆ ‘ಲಿಟ್ಲ್ ಇಂಗ್ಲೆಂಡ್’ ಎನ್ನುವ ಬರಹಗಳು ಕ್ಲಬ್ಬು ಮತ್ತು ಗಾಲ್ಫ್ ಮೈದಾನದ ಹತ್ತಿರವೇ ನಿಂತುಬಿಡುತ್ತವೆ. ಲೈನುಗಳಿಗೆ ಹೋಗದೆ ಈ ಊರಿನ ಕಥೆ ಅರ್ಧವೂ ಆಗುವುದಿಲ್ಲ.

ಈಗ ಕಲ್ಲಿನ ಭಾರದ ಮಾತಿಗೆ ಬರೋಣ. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಯುವಕನಾಗಿ 1951ರಲ್ಲಿ ಹೋಮಿ ಭಾಭಾ ಅವರ ಸಲಹೆಯಂತೆ ಈ ಗಣಿಗೆ ಇಳಿದರು. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟಿ ನೆಲದೊಳಗೂ ಹಾಯುತ್ತವೆ. ಅವು ಎಷ್ಟು ಆಳಕ್ಕೆ ಮುಟ್ಟುತ್ತವೆಂದು ಅಳೆಯುತ್ತ ಹೋದವರು ಒಂದು ಹಂತದಲ್ಲಿ ವಾರಗಟ್ಟಲೆ ಕಾದರೂ ಯಂತ್ರ ಒಂದು ಎಣಿಕೆಯನ್ನೂ ತೋರಿಸದ ಆಳಕ್ಕೆ ಬಂದರು. ನಿರಾಶೆಯಾಗುವ ಬದಲು ಅವರಿಗೆ ಹೊಳೆದದ್ದು ಬೇರೆ. ಮೇಲಿನ ಗದ್ದಲ ಇಷ್ಟು ಪೂರ್ತಿ ಅಡಗಿದ್ದರೆ, ಯಾವ ಕಲ್ಲಿಗೂ ತಡೆಯಲಾಗದ ನ್ಯೂಟ್ರಿನೊ ಎಂಬ ಕಣವನ್ನು ಇಲ್ಲಿ ಹುಡುಕಬಹುದಲ್ಲ! ಹೀದ್‌ಕೋಟ್ ಶಾಫ್ಟಿನಲ್ಲಿ 2.3 ಕಿ.ಮೀ. ಕೆಳಗೆ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯದವರು ಸೇರಿ ಉಪಕರಣಗಳನ್ನು ಗೋಡೆಯಂತೆ ಎದ್ದು ನಿಲ್ಲಿಸಿದರು. ಅಡ್ಡಡ್ಡ ಬರುವ ಕಣಗಳನ್ನು ಹಿಡಿಯುವುದು ಉದ್ದೇಶ. ಮೇಲಿನಿಂದ ಬಂದ ಮ್ಯೂಆನ್ ಅಡ್ಡಲಾಗಿ ಬರಬೇಕಾದರೆ ಹತ್ತಾರು ಕಿ.ಮೀ. ಬಂಡೆ ತೂರಿರಬೇಕು, ಅದು ಆಗದ ಮಾತು. ಹಾಗಾಗಿ ಅಡ್ಡ ಬಂದದ್ದು ಹತ್ತಿರದ ಬಂಡೆಯಲ್ಲೇ ನ್ಯೂಟ್ರಿನೊ ಹುಟ್ಟಿಸಿದ ಮ್ಯೂಆನ್ ಆಗಿರಲೇಬೇಕು. 1965ರಲ್ಲಿ ಅಂಥವು ಸಿಕ್ಕವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಮನುಷ್ಯ ಮೊದಲು ಕಂಡದ್ದು ಅದೇ ವರ್ಷ, ಇಲ್ಲಿ ಮತ್ತು ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ.

2.3 ಕಿ.ಮೀ. ಕಪ್ಪು ಶಿಲೆ ಸುಮಾರು 7 ಕಿ.ಮೀ. ನೀರಿಗೆ ಸಮ. ಅಷ್ಟೇ ದಪ್ಪದ ಗ್ರಾನೈಟ್ ಇದ್ದಿದ್ದರೆ ತಡೆ ಅಷ್ಟಾಗುತ್ತಿರಲಿಲ್ಲ. ಲಾವಾದ ಕಬ್ಬಿಣ ಚಿನ್ನವನ್ನು ಹಿಡಿದಂತೆ ಮ್ಯೂಆನ್‌ಗಳನ್ನೂ ತಡೆಯಿತು. ಇಂದಿಗೂ ಭೌತವಿಜ್ಞಾನದ ಪ್ರಬಂಧಗಳಲ್ಲಿ ‘ಕೋಲಾರ ಶಿಲೆ’ ಎಂಬ ಲೆಕ್ಕವೊಂದು ಸಿಗುತ್ತದೆ: ಸಾಂದ್ರತೆ 3.02. ನಮ್ಮ ಜಿಲ್ಲೆಯ ಹೆಸರು ಅಲ್ಲಿ ಹೀಗೆ ಉಳಿದಿರುವುದು ನನಗೆ ತುಂಬ ಹೆಮ್ಮೆ.

ಕಪ್ಪು ಪಟ್ಟಿಯ ಆಚೆಗಿನ ತಿಳಿ ಕಲ್ಲಿನ ಸೀಮೆಗೂ ಒಂದು ಸುತ್ತು ಹೋಗಬೇಕು. ಗ್ರಾನೈಟ್ ಬಿರುಕುಗುಂಟ ಸವೆದು ದುಂಡು ಬಂಡೆಗಳ ರಾಶಿಯಾಗುತ್ತದೆ, ಸಂದುಗಳಲ್ಲಿ ಗುಹೆಗಳು ಉಳಿಯುತ್ತವೆ. ಅಂತರಗಂಗೆಯ ಬೆಟ್ಟ ಹತ್ತಿದವರಿಗೆ ಇದು ಗೊತ್ತು. ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಅಂಥದೊಂದು ಗುಹೆಯಲ್ಲಿ ಕೋಲಾರದ ಎಲೆಮೂಗಿನ ಬಾವಲಿ ಇದೆ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಜೀವಿ ಪ್ರಪಂಚದಲ್ಲಿ ಬೇರೆಲ್ಲೂ ಕಂಡಿಲ್ಲ, ಇರುವುದು 200ಕ್ಕಿಂತ ಕಡಿಮೆ. ಕಲ್ಲುಗಣಿ ಗುಹೆಯ ಹತ್ತಿರಕ್ಕೇ ಬಂದಿತ್ತು. ಸುತ್ತಲಿನ 30 ಎಕರೆಯನ್ನು ಸರ್ಕಾರ ರಕ್ಷಿಸಿದ ಮೇಲೆ ಉಸಿರಾಡುವಂತಾಗಿದೆ. ಬಂಗಾರಪೇಟೆಯ ದಕ್ಷಿಣಕ್ಕೆ ಕಾಮಸಮುದ್ರದ ಕಡೆ ತಮಿಳುನಾಡಿನ ಕಾಡಿನಿಂದ ಆನೆಗಳು ಬಂದು ಹೊಲ ತುಳಿಯುತ್ತವೆ. ಗಣಿಯ ಪಾಳುಬಿದ್ದ ಬಯಲಿನಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ಮನುಷ್ಯರಿಗೆ ಬೇಡವಾದ ಹುಲ್ಲುಗಾವಲು ಅವಕ್ಕೆ ಒದಗಿಬಂದಿದೆ. ಅದೇ ಬಯಲಿನ ಮೇಲೆ ಈಗ ಹೊಸ ಯೋಜನೆಗಳ ಕಣ್ಣು ಬಿದ್ದಿದೆ.

ಕೊನೆಗೆ ಆ ಸಯನೈಡ್ ದಿಬ್ಬಗಳು. ಎಳೆಯಿಂದ ತೆಗೆದ ಕಲ್ಲನ್ನು ಮಿಲ್ಲಿನಲ್ಲಿ ಹಿಟ್ಟು ಮಾಡಿ, ಪಾದರಸ ಸವರಿದ ತಗಡಿನ ಮೇಲೆ ಹರಿಸಿ, ಉಳಿದದ್ದನ್ನು ತೆಳು ಸಯನೈಡ್ ದ್ರಾವಣದಲ್ಲಿ ನೆನೆಸಿ, ಕರಗಿ ಬಂದ ಚಿನ್ನವನ್ನು ಸತುವಿನಿಂದ ಬೇರ್ಪಡಿಸುತ್ತಿದ್ದರು. ಒಂದು ಶತಮಾನಕ್ಕೂ ಮೀರಿ ಇಲ್ಲಿ ಸಿಕ್ಕ ಚಿನ್ನ 800 ಟನ್‌ಗೂ ಹೆಚ್ಚು. ಅಷ್ಟನ್ನೂ ಎರಕ ಹೊಯ್ದರೆ ಉದ್ದ ಅಗಲ ಎತ್ತರ ಮೂರೂವರೆ ಮೀಟರಿನ ಒಂದು ಘನ ಮಾತ್ರ, ಒಂದು ಕೋಣೆಯಲ್ಲಿ ಹಿಡಿಸುತ್ತದೆ. ಅದನ್ನು ತೆಗೆದು ಬಿಸಾಡಿದ ಹಿಟ್ಟು 13 ದಿಬ್ಬಗಳಲ್ಲಿ ಮೂರು ಕೋಟಿ ಟನ್‌ಗೂ ಮಿಕ್ಕಿದೆ. ಸಯನೈಡ್ ಬಿಸಿಲಿಗೆ ಗಾಳಿಗೆ ಒಡೆದುಹೋಗುತ್ತದೆ. ಹೋಗದೆ ಉಳಿಯುವುದು ಸಿಲಿಕಾ ಮತ್ತು ಅದಿರಿನ ಜೊತೆ ಬಂದ ಗಂಧಕದ ಖನಿಜಗಳು. ಮಳೆ ಈ ಮೆತ್ತನೆ ಇಳಿಜಾರುಗಳಲ್ಲಿ ಕೊರಕಲು ಕೊರೆಯುತ್ತದೆ, ಬೇಸಿಗೆಯ ಗಾಳಿ ಬಿಳಿಹಿಟ್ಟನ್ನು ಎಬ್ಬಿಸಿ ಮನೆಗಳ ಮೇಲೆ ಸುರಿಯುತ್ತದೆ. ಗಣಿಗೆ ಎಂದೂ ಇಳಿಯದ ಮಕ್ಕಳೂ ಅದೇ ಧೂಳನ್ನು ಉಸಿರಾಡುತ್ತಿದ್ದಾರೆ.

ಈ ದಿಬ್ಬಗಳಲ್ಲಿ ಇನ್ನೂ ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನವಿದೆ. ಸುಮಾರು ಸಾವಿರ ಎಕರೆಯ ಈ 13 ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಊರಿಗೆ ಕೆಲಸ ಬರಲಿ ಎಂಬ ಆಸೆ ಅಲ್ಲಿನ ಪ್ರತಿಯೊಬ್ಬರಲ್ಲೂ ಇದೆ, ಅದು ನ್ಯಾಯವಾದ ಆಸೆ. ಬೆಳಗಾದರೆ ಬಂಗಾರಪೇಟೆ ದಾರಿಯಲ್ಲಿ ಬೆಂಗಳೂರಿನ ರೈಲು ಹತ್ತಿ ದುಡಿದು ರಾತ್ರಿ ಮನೆ ಸೇರುವವರ ಬವಣೆ ನೋಡಿದ ಯಾರೂ ಅದನ್ನು ಬೇಡವೆನ್ನಲಾರರು. ಆದರೆ ಲೆಕ್ಕವೊಂದನ್ನು ಮುಂದಿಡಲೇಬೇಕು. ಟನ್ನಿನಲ್ಲಿ ಒಂದು ಗ್ರಾಂ ತೆಗೆದರೆ ಉಳಿಯುವುದು ಮತ್ತೆ ಒಂದು ಟನ್ನೇ. ಮೂರು ಕೋಟಿ ಟನ್ ಹಿಟ್ಟನ್ನು ಕದಡಿ ತೊಳೆದ ಮೇಲೂ ಮೂರು ಕೋಟಿ ಟನ್ ಹಿಟ್ಟು ಕೈಯಲ್ಲಿರುತ್ತದೆ. ಅದನ್ನು ಎಲ್ಲಿ ಇಡುತ್ತಾರೆ, ಹೊಸ ರಾಶಿಯ ಮೇಲೆ ಮಣ್ಣು ಹೊದಿಸಿ ಹುಲ್ಲು ಹಿಡಿಸುವ ಹೊಣೆ ಯಾರದು, ಕೆಲಸ ನಡೆಯುವಷ್ಟು ವರ್ಷ ಸುತ್ತಲಿನ ಗಾಳಿಯಲ್ಲಿನ ಸಿಲಿಕಾವನ್ನು ಅಳೆದು ಜನರಿಗೆ ತಿಳಿಸುವವರು ಯಾರು, ಲೈನುಗಳಲ್ಲಿ ಇನ್ನೂ ಕೆಮ್ಮುತ್ತಿರುವ ಮುದುಕರ ಎದೆಯ ಎಕ್ಸ್‌ರೇ ಯಾವಾಗ ತೆಗೆಯುತ್ತಾರೆ ಎಂಬ ಪ್ರಶ್ನೆಗಳಿಗೆ ಮೊದಲ ಯಂತ್ರ ದಿಬ್ಬಕ್ಕೆ ಬಾಯಿ ಹಾಕುವ ಮುನ್ನವೇ ಬರಹದಲ್ಲಿ ಉತ್ತರ ಸಿಗಬೇಕು.